ಕಾರ್ಖಾನೆಯ ಕಿಟ್ಟವೂ ನೀರಿನ ರಂಜಕವೂ

ನೀರನ್ನು ತಿಳಿಗೊಳಿಸುವ ವಿದ್ಯೆಯು ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ದ್ರವದ್ರವ್ಯಗಳನ್ನು ಕುರಿತ ಅಧ್ಯಾಯವೊಂದುಂಟು. ಕಲುಷಿತವಾದ ಜಲವನ್ನು ಪ್ರಸನ್ನಗೊಳಿಸುವ ಏಳು ಸಾಧನಗಳನ್ನು ಅಲ್ಲಿ ಎಣಿಸಿದ್ದಾರೆ. ಕತಕದ ಬೀಜ, ಗೋಮೇದಕ, ತಾವರೆಯ ದಂಟಿನ ಗಂಟು, ಶೈವಾಲದ ಬೇರು, ವಸ್ತ್ರ, ಮುತ್ತು, ಮಣಿ ಇವೇ ಆ ಏಳು. ಇವುಗಳಲ್ಲಿ ಕತಕವೆಂದರೆ ನಮ್ಮ ಹಿರಿಯರು ಚಿಲ್ಲದ ಬೀಜವೆಂದು ಕರೆಯುತ್ತಿದ್ದುದೇ. ಮಳೆಗಾಲದಲ್ಲಿ ಘಟಪ್ರಭೆಯ ಕೆಂಪು ನೀರು ಮನೆಗೆ ಬಂದಾಗ ನನ್ನ ತಾಯಿಯವರು ಆ ಬೀಜವನ್ನು ಹಂಡೆಯ ಒಳಮೈಗೆ ನಾಲ್ಕು ಸುತ್ತು ತೇಯುತ್ತಿದ್ದರು; ಬೀಜ ಸಿಕ್ಕದ ವರ್ಷ ಪಟಿಕವನ್ನು ತಿರುವುತ್ತಿದ್ದರು. ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳಕ್ಕಿಳಿದು ಮೇಲಿನ ನೀರು ಕನ್ನಡಿಯಂತಾಗುತ್ತಿತ್ತು.

ಆ ಪಟ್ಟಿಯಲ್ಲಿ ಶೈವಾಲಕ್ಕೂ ಸ್ಥಾನವಿರುವುದನ್ನು ವಾಚಕರು ಗಮನಿಸಿರಬಹುದು. ಅಂದು ನೀರನ್ನು ತಿಳಿಗೊಳಿಸುವ ಪದಾರ್ಥಗಳಲ್ಲೊಂದೆಂದು ಎಣಿಸಲ್ಪಟ್ಟ ಪಾಚಿಯು ಇಂದು ನೀರನ್ನು ಕೆಡಿಸುವವುಗಳಲ್ಲಿ ಅಗ್ರಗಣ್ಯವಾಗಿದೆ. ಪಾಚಿಯ ಸ್ವಭಾವ ಬದಲಾಗಿಲ್ಲ, ಅದಕ್ಕೆ ದೊರೆಯುವ ಆಹಾರ ಬದಲಾಗಿದೆ. ಆ ಆಹಾರದಲ್ಲಿ ಮುಖ್ಯವಾದುದು ರಂಜಕ. ಶಾಸ್ತ್ರಜ್ಞರು ಫಾಸ್ಫರಸ್ ಎನ್ನುವ ಧಾತು. ಇದು ನೀರಿನಲ್ಲಿ ಆಮ್ಲಜನಕದೊಡನೆ ಕೂಡಿ ಫಾಸ್ಫೇಟ್ ಎಂಬ ರೂಪದಿಂದಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ. ತಿಳಿನೀರಿನಲ್ಲಿಯೇ ಅಡಗಿರುವ ಈ ಕಶ್ಮಲವನ್ನು ಕಾರ್ಖಾನೆಗಳು ಬಿಸಾಡಿದ ಕಿಟ್ಟ ಕೆಸರುಗಳಿಂದ ಹಿಡಿದು ತೆಗೆಯಬಹುದೆಂಬ ವಿಚಾರವು ಹೇಗೆ ಹುಟ್ಟಿತು, ಅದಕ್ಕೂ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೂ ಏನು ಸಂಬಂಧ ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ನೋಡೋಣ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ತಡೆಯಲ್ಪಟ್ಟು, ಧೂಪದಾಳದ ಒಡ್ಡನ್ನು ದಾಟಿ, ಗೋಕಾಕದ ಬಳಿ ೧೭೧ ಅಡಿಗಳ ಎತ್ತರದಿಂದ ಧುಮುಕಿ ಮೂಡಣಕ್ಕೆ ಸಾಗುತ್ತದೆ. ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿಯೂ ಬೆಳಗಾವಿಯ ಕಡೆಯಿಂದ ಮಾರ್ಕಂಡೇಯವೂ ಇದನ್ನು ಬಂದು ಸೇರುತ್ತವೆ. ರಾಜಾ ಲಖಮಗೌಡರ ಹೆಸರನ್ನು ಹೊತ್ತ ಹಿಡಕಲ್ಲಿನ ಜಲಾಶಯವು ೧೯೭೭ರಲ್ಲಿ ಪೂರ್ಣವಾಯಿತು, ೫೧ ಟಿ.ಎಂ.ಸಿ. ಅಡಿ ನೀರು ಅದರಲ್ಲಿ ನಿಲ್ಲುತ್ತದೆ. ಕಾಲುವೆಯ ನೀರು ಬಂದ ಮೇಲೆ ಜೋಳ, ಕಡಲೆ ಬೆಳೆಯುತ್ತಿದ್ದ ಎರೆ ಭೂಮಿಯಲ್ಲಿ ಕಬ್ಬು ಬಂದಿತು. ಕಬ್ಬಿನ ಹಿಂದೆ ಸಕ್ಕರೆಯ ಕಾರ್ಖಾನೆಗಳೂ ಗೊಬ್ಬರದ ಚೀಲಗಳೂ ಬಂದವು. ಗೋಕಾಕದಿಂದ ಬೇರೆಯಾಗಿ ಇತ್ತೀಚೆಗೆ ತಾಲ್ಲೂಕೆನಿಸಿದ ಮೂಡಲಗಿಯ ಯಾವ ಹಳ್ಳಿಗೆ ಹೋದರೂ ಡಿ.ಎ.ಪಿ. ಎಂಬ ಮೂರಕ್ಷರವನ್ನು ಅರಿಯದ ಒಕ್ಕಲಿಗನಿಲ್ಲ. ಆ ಮೂರಕ್ಷರದೊಳಗಿನ ಕೊನೆಯ ಪದವೇ ಫಾಸ್ಫೇಟ್.

ಹೊಲಕ್ಕೆ ಹಾಕಿದುದೆಲ್ಲ ಪೈರಿಗೆ ಸೇರುವುದಿಲ್ಲ. ಸ್ವಲ್ಪ ಭಾಗ ಮಣ್ಣಿನ ಕಣಗಳಿಗೆ ಅಂಟಿಕೊಂಡು ಮಳೆಯ ನೀರಿನಲ್ಲಿ ಹಳ್ಳಕ್ಕೆ ಹರಿಯುತ್ತದೆ. ಅದರ ಜೊತೆಗೆ ಊರಿನ ಗಟಾರಗಳೂ ಕೂಡುತ್ತವೆ. ಮನುಷ್ಯನ ಮಲಮೂತ್ರಗಳಿಂದ ದಿನವೊಂದಕ್ಕೆ ತಲೆಗೆ ಸುಮಾರು ಒಂದೂವರೆ ಗ್ರಾಮಿನಷ್ಟು ರಂಜಕ ಹೊರಬೀಳುತ್ತದೆ. ನಾವು ಬಾಲಕರಾಗಿದ್ದಾಗ ಹೆಣ್ಣುಮಕ್ಕಳು ಹೊಳೆಯ ದಂಡೆಯಲ್ಲಿ ಅಂಟುವಾಳದಿಂದಲೋ ಸವಳಿನಿಂದಲೋ ಬಟ್ಟೆ ಸೆಳೆಯುತ್ತಿದ್ದರು. ಅನಂತರ ಬಂದ ಬಟ್ಟೆ ತೊಳೆಯುವ ಪುಡಿಗಳಲ್ಲಿ ಎಷ್ಟೋ ಪುಡಿಗಳಿಗೆ ನೀರಿನ ಗಡಸುತನವನ್ನು ಕಳೆಯಲೆಂದು ಫಾಸ್ಫೇಟನ್ನೇ ಬೆರೆಸುತ್ತಿದ್ದರು. ಬೆಂಗಳೂರಿನ ಬೆಳ್ಳಂದೂರು ಕೆರೆಯು ನೊರೆ ತುಂಬಿ ಬೀದಿಗೆ ಹಾರಿದುದನ್ನೂ, ೨೦೧೫ರಿಂದ ೨೦೧೮ರವರೆಗೆ ಪುನಃಪುನಃ ನೀರಿನ ಮೇಲೆಯೇ ಬೆಂಕಿ ಕಂಡುದನ್ನೂ ವಾಚಕರು ಮರೆತಿರಲಾರರು. ಅಲ್ಲಿಗೆ ಹರಿದು ಬಂದ ನಗರದ ಹೊಲಸಿನಲ್ಲಿ ಫಾಸ್ಫೇಟಿನ ಪಾಲು ಅಲ್ಪವಾಗಿರಲಿಲ್ಲ.

ಇಷ್ಟು ಸೂಕ್ಷ್ಮವಾದ ಪದಾರ್ಥವೇ ಕೆರೆಯನ್ನು ಹಸಿರುಗೊಳಿಸುತ್ತದೆಯೆಂಬುದನ್ನು ಮೊದಲು ಅನೇಕರು ನಂಬಲಿಲ್ಲ. ಕೆನಡಾ ದೇಶದ ಡೇವಿಡ್ ಶಿಂಡ್ಲರ್ ಎಂಬ ಶಾಸ್ತ್ರಜ್ಞರು ೧೯೭೩ರಲ್ಲಿ ಒಂಟಾರಿಯೊ ಪ್ರಾಂತದ ಕಾಡಿನೊಳಗಿನ, ೨೨೬ ಎಂಬ ಸಂಖ್ಯೆಯಿಂದಲೇ ಹೆಸರಾದ ಸರೋವರವೊಂದನ್ನು ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡೂ ಪಾಲಿಗೆ ಸಾರಜನಕವನ್ನೂ ಇಂಗಾಲವನ್ನೂ ಹಾಕಿ, ಒಂದು ಪಾಲಿಗೆ ಮಾತ್ರ ರಂಜಕವನ್ನು ಹೆಚ್ಚಾಗಿ ಬೆರೆಸಿದರು. ಕೆಲವು ವಾರಗಳೊಳಗೆ ಆ ಪಾಲು ಗಟ್ಟಿ ಹಸಿರಾಯಿತು. ಪರದೆಯ ಆಚೆಯ ನೀರು ಮೊದಲಿನಂತೆಯೇ ಉಳಿಯಿತು. ವಿಮಾನದಿಂದ ತೆಗೆದ ಆ ಒಂದು ಚಿತ್ರವು ಎಷ್ಟೋ ಗ್ರಂಥಗಳ ವಾದವನ್ನು ಮುಗಿಸಿತು. ಹತ್ತು ಲಕ್ಷ ಲೀಟರು ನೀರಿನಲ್ಲಿ ಎರಡು ಎರಡೂವರೆ ತೊಲೆ ರಂಜಕವಿದ್ದರೂ ನಿಂತ ನೀರಿಗೆ ಅದು ಹೆಚ್ಚೇ. ಹೀಗಿರುವಲ್ಲಿ ಅದನ್ನು ತೆಗೆಯುವ ಕೆಲಸ ಎಂಥ ಕಷ್ಟದ್ದೆಂಬುದನ್ನು ಊಹಿಸಬಹುದು.

ಇನ್ನು ಇತಿಹಾಸಕ್ಕೆ ಬರೋಣ. ರಂಜಕವು ಮೊದಲು ದೊರೆತುದು ೧೬೬೯ರಲ್ಲಿ, ಜರ್ಮನಿಯ ಹ್ಯಾಂಬುರ್ಗ್ ಪಟ್ಟಣದಲ್ಲಿ. ಹೆನ್ನಿಗ್ ಬ್ರಾಂಡ್ ಎಂಬ ರಸವಾದಿಯು ಚಿನ್ನವನ್ನು ಹುಡುಕುತ್ತ ಮೂತ್ರವನ್ನು ಕಾಯಿಸಿ ಬತ್ತಿಸಿದಾಗ ಕತ್ತಲೆಯಲ್ಲಿ ಹೊಳೆಯುವ ಪದಾರ್ಥವೊಂದು ಕೈಗೆ ಬಂದಿತು. ನೂರು ವರ್ಷಗಳಾದ ಮೇಲೆ ಸ್ವೀಡನ್ನಿನವರು ಅದು ಎಲುಬಿನಲ್ಲಿಯೂ ಇರುವುದೆಂದು ಕಂಡರು. ೧೮೪೨ರಲ್ಲಿ ಇಂಗ್ಲಂಡಿನ ಲಾಸ್ ಎಂಬ ಭೂಮಾಲಿಕನು ಎಲುಬಿನ ಪುಡಿಗೆ ಗಂಧಕಾಮ್ಲವನ್ನು ಬೆರೆಸಿ ಸೂಪರ್‌ಫಾಸ್ಫೇಟ್ ಎಂಬ ಗೊಬ್ಬರವನ್ನು ಮಾಡುವ ಹಕ್ಕನ್ನು ಪಡೆದನು. ಅಂದಿನಿಂದ ಭೂಮಿಯೊಳಗಿನ ರಂಜಕಶಿಲೆಯನ್ನು ಅಗೆದು ಹೊಲಕ್ಕೆ ಚೆಲ್ಲುವ ಯುಗ ಆರಂಭವಾಯಿತು. ನಮ್ಮ ದೇಶದಲ್ಲಿ ಈ ಶಿಲೆ ವಿರಳ. ೧೯೬೮ರಲ್ಲಿ ಉದಯಪುರದ ಬಳಿಯ ಝಾಮರಕೋಟ್ರಾದಲ್ಲಿ ದೊಡ್ಡ ಗಣಿಯೊಂದು ಕಂಡುಬಂದರೂ ಬೇಕಾದುದರ ಬಹುಭಾಗವನ್ನು ಇಂದಿಗೂ ಮೊರಾಕ್ಕೊ, ಜೋರ್ಡನ್ ಮೊದಲಾದ ದೂರ ದೇಶಗಳಿಂದ ಹಣಕೊಟ್ಟು ತರಬೇಕಾಗಿದೆ. ಹಾಗೆ ಹಡಗಿನಲ್ಲಿ ಬಂದುದೇ ಕೊನೆಗೆ ನಮ್ಮ ಹಳ್ಳದಲ್ಲಿ ಪಾಚಿಯಾಗುತ್ತಿದೆಯೆಂಬುದನ್ನು ನೆನೆದರೆ ಇದು ಬರಿಯ ಶುಚಿತ್ವದ ಮಾತಲ್ಲವೆಂದು ತಿಳಿಯುತ್ತದೆ.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇನ್ನು ಮುಂದಿನದು. ೧೮೫೬ರಲ್ಲಿ ಬೆಸ್ಸೆಮರನು ಕರಗಿದ ಕಬ್ಬಿಣದೊಳಗೆ ಗಾಳಿಯನ್ನು ಊದಿ ಅಗ್ಗವಾಗಿ ಉಕ್ಕನ್ನು ಮಾಡುವ ಬಗೆಯನ್ನು ಪ್ರಕಟಿಸಿದನು. ಆದರೆ ಅದಿರಿನಲ್ಲಿ ರಂಜಕವಿದ್ದರೆ ಆ ಉಕ್ಕು ಚಳಿಯಲ್ಲಿ ಹಪ್ಪಳದಂತೆ ಮುರಿಯುತ್ತಿತ್ತು. ಯುರೋಪಿನ ಅದಿರುಗಳಲ್ಲಿ ಬಹಳಷ್ಟು ಈ ದೋಷದಿಂದ ಕೂಡಿದವು. ದೊಡ್ಡ ದೊಡ್ಡ ಲೋಹವಿದರು ಇಪ್ಪತ್ತು ವರ್ಷ ತಲೆಕೆಡಿಸಿಕೊಂಡ ಈ ತೊಡಕನ್ನು ಬಿಡಿಸಿದವನು ಲಂಡನ್ನಿನ ಪೋಲೀಸು ಕೋರ್ಟೊಂದರ ಗುಮಾಸ್ತ. ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಎಂಬುದು ಅವನ ಹೆಸರು. ಹಗಲು ಕಚೇರಿಯಲ್ಲಿ ದುಡಿದು ಸಂಜೆಯ ವರ್ಗಗಳಲ್ಲಿ ರಸಾಯನಶಾಸ್ತ್ರವನ್ನು ಕಲಿತ ಈ ತರುಣನು, ವೇಲ್ಸಿನ ಬ್ಲೇನಾವನ್ ಎಂಬಲ್ಲಿ ಕೆಲಸಕ್ಕಿದ್ದ ತನ್ನ ಸೋದರಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟನೊಡನೆ ಕೂಡಿ, ಕುಲುಮೆಯ ಒಳಮೈಗೆ ಸುಣ್ಣದ ಜಾತಿಯ ಇಟ್ಟಿಗೆಗಳನ್ನು ಹೊದಿಸಿ, ಒಳಗೂ ಸುಣ್ಣವನ್ನು ಹಾಕಿ ನೋಡಿದನು. ರಂಜಕವು ಕಬ್ಬಿಣವನ್ನು ಬಿಟ್ಟು ಸುಣ್ಣವನ್ನು ಹಿಡಿಯಿತು. ೧೮೭೯ರಲ್ಲಿ ಮಿಡಲ್ಸ್‌ಬರೋದ ಕಾರ್ಖಾನೆಯಲ್ಲಿ ಇದರ ಪ್ರತ್ಯಕ್ಷ ಪ್ರಯೋಗವಾದಾಗ ಯುರೋಪಿನ ಉಕ್ಕಿನ ಒಡೆಯರು ಗುಂಪುಕಟ್ಟಿ ಬಂದರಂತೆ. ಥಾಮಸನು ೧೮೮೫ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿಯೇ ತೀರಿಕೊಂಡನು.

ಅವನು ಬಿಟ್ಟುಹೋದ ಕಿಟ್ಟದ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಕುಲುಮೆಯಿಂದ ಹೊರಬಂದ ಆ ರಂಜಕಯುಕ್ತ ಕಿಟ್ಟವನ್ನು ಮೊದಲು ರಾಶಿ ಹಾಕಿದರು. ಅನಂತರ ನುಣ್ಣಗೆ ಬೀಸಿ ಹೊಲಕ್ಕೆ ಹಾಕಿ ನೋಡಿದಾಗ ಅದು ಸೊಗಸಾದ ಗೊಬ್ಬರವೆಂದು ತಿಳಿಯಿತು. ಜರ್ಮನಿಯಲ್ಲಿ ಥಾಮಸನ ಹೆಸರಿನಿಂದಲೇ ಅದು ದಶಕಗಳ ಕಾಲ ಮಾರಾಟವಾಯಿತು. ಕಬ್ಬಿಣದ ಕಿಟ್ಟವನ್ನು ನಾವೂ ಹಳಿದವರಲ್ಲ. ನಮ್ಮ ವೈದ್ಯರು ಅದಕ್ಕೆ ಮಂಡೂರವೆಂದು ಹೆಸರಿಟ್ಟು ಪಾಂಡುರೋಗಕ್ಕೆ ಭಸ್ಮವನ್ನು ಮಾಡಿಕೊಟ್ಟರು. ನೂರು ವರ್ಷ ಹಳೆಯದು ಉತ್ತಮ, ಎಂಬತ್ತರದು ಮಧ್ಯಮ, ಅರವತ್ತರದು ಅಧಮ ಎಂದು ತರತಮವನ್ನೂ ಕಲ್ಪಿಸಿದರು. ಬಿಸಾಡಿದ ವಸ್ತುವಿಗೆ ಇಷ್ಟು ಮರ್ಯಾದೆಯನ್ನು ಕೊಟ್ಟ ಜನ ಬೇರೆಲ್ಲಿಯಾದರೂ ಇದ್ದಾರೆಯೇ ಎಂದು ನಾನು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ. ಥಾಮಸನ ಕಥೆಯನ್ನು ಓದಿದ ಮೇಲೆ ಆ ಪ್ರಶ್ನೆಯನ್ನು ಕೇಳುವುದನ್ನು ಬಿಟ್ಟೆನು.

ಕಿಟ್ಟದ ಮಾತಾಯಿತು, ಇನ್ನು ಕೆಸರಿನದು. ಗೋಕಾಕದ ಜಲಪಾತದ ಬಳಿ ೧೮೮೫ರಲ್ಲಿ ಹುಟ್ಟಿದ ಕಂಪನಿಯ ಗಿರಣಿಯು ೧೮೮೭ರಲ್ಲಿ ನೂಲು ತೆಗೆಯಲು ತೊಡಗಿತೆಂಬುದು ನಮ್ಮವರಿಗೆಲ್ಲ ತಿಳಿದಿದೆ. ಅದೇ ಸುಮಾರಿಗೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಾರ್ಲ್ ಯೋಸೆಫ್ ಬಾಯರ್ ಎಂಬ ರಸಾಯನಜ್ಞನೂ ಹತ್ತಿಯ ಸಲುವಾಗಿಯೇ ಶ್ರಮಿಸುತ್ತಿದ್ದನು. ಹತ್ತಿಯ ಬಟ್ಟೆಗೆ ಬಣ್ಣ ಕಚ್ಚಲು ಬೇಕಾದ ಅಲ್ಯೂಮಿನವನ್ನು ಬಾಕ್ಸೈಟ್ ಎಂಬ ಅದಿರಿನಿಂದ ಅಗ್ಗವಾಗಿ ತೆಗೆಯುವುದು ಅವನ ಉದ್ದೇಶ. ಅದಿರನ್ನು ಪುಡಿಮಾಡಿ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಒತ್ತಡವಿಟ್ಟು ಕಾಯಿಸಿದರೆ ಅಲ್ಯೂಮಿನ ಕರಗಿ, ಉಳಿದುದೆಲ್ಲ ಕೆಳಗುಳಿಯುತ್ತದೆಂದು ಅವನು ಕಂಡನು. ೧೮೮೮ರಲ್ಲಿ ಅದರ ಹಕ್ಕನ್ನು ಪಡೆದನು. ಅವನು ಬಟ್ಟೆಗಾಗಿ ಕಂಡುಹಿಡಿದ ದಾರಿಯೇ ಇಂದು ಲೋಕದ ಅಲ್ಯೂಮಿನಿಯಂ ಲೋಹಕ್ಕೆಲ್ಲ ರಾಜಮಾರ್ಗವಾಗಿದೆ. ಕೆಳಗುಳಿದುದೇ ಕೆಂಪು ಕೆಸರು, ಅರ್ಥಾತ್ ರೆಡ್ ಮಡ್. ಒಂದು ಟನ್ ಅಲ್ಯೂಮಿನಕ್ಕೆ ಒಂದರಿಂದ ಒಂದೂವರೆ ಟನ್ನಿನವರೆಗೆ ಈ ಕೆಸರು ಬೀಳುತ್ತದೆ. ಅದರ ಕೆಂಪು ಕಬ್ಬಿಣದ ತುಕ್ಕಿನದು. ಅದರ ಉರಿ ಸೋಡಾದ್ದು.

ನಮ್ಮ ಜಿಲ್ಲೆಗೆ ಈ ಕೆಸರು ಬಂದುದು ೧೯೬೯–೭೦ರ ಸುಮಾರಿಗೆ. ೧೯೩೮ರಲ್ಲಿ ಸ್ಥಾಪಿತವಾದ ಇಂಡಿಯನ್ ಅಲ್ಯೂಮಿನಿಯಂ ಕಂಪನಿಯು, ಜನರು ಇಂಡಾಲ್ ಎಂದು ಕರೆಯುವುದು, ಆಗ ಬೆಳಗಾವಿಯಲ್ಲಿ ತನ್ನ ಕಾರ್ಖಾನೆಯನ್ನು ನಡೆಯಿಸತೊಡಗಿತು. ಕೊಲ್ಹಾಪುರದ ಕಡೆಯ ಬೆಟ್ಟಗಳಿಂದ ಬಾಕ್ಸೈಟು ಬರುತ್ತಿತ್ತು. ಲೋಹವನ್ನು ಕರಗಿಸುವ ವಿಭಾಗ ಮುಂದೆ ನಿಂತುಹೋದರೂ ಅಲ್ಯೂಮಿನದ ಕಾರ್ಖಾನೆ ನಡೆಯುತ್ತಲೇ ಬಂದಿದೆ; ೨೦೦೦ದಲ್ಲಿ ಇಂಡಾಲ್ ಕಂಪನಿಯು ಹಿಂಡಾಲ್ಕೊ ಸಂಸ್ಥೆಯ ಕೈಸೇರಿತು. ಬೆಳಗಾವಿಯಿಂದ ಗೋಕಾಕಕ್ಕೆ ಒಂದು ಹರದಾರಿ ಲೆಕ್ಕವಲ್ಲದಿದ್ದರೂ ದೂರವೆನ್ನುವಂತಿಲ್ಲ. ಆದಕಾರಣ ರಂಜಕವನ್ನು ಹಿಡಿಯುವ ಪದಾರ್ಥವನ್ನು ಹುಡುಕಿಕೊಂಡು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ.

ಕೆಂಪು ಕೆಸರು ರಂಜಕವನ್ನು ಏಕೆ ಹಿಡಿಯುತ್ತದೆ? ಇದರ ಉತ್ತರ ಖಾನಾಪುರದ ಕಡೆಯ ಒಕ್ಕಲಿಗರಿಗೆ ಅನುಭವದಿಂದ ಗೊತ್ತು. ಬಾಕ್ಸೈಟೆಂದರೆ ನಮ್ಮ ಜಂಬಿಟ್ಟಿಗೆ ಕಲ್ಲಿನ ಹತ್ತಿರದ ನೆಂಟ. ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಎಷ್ಟು ರಂಜಕದ ಗೊಬ್ಬರವನ್ನು ಹಾಕಿದರೂ ಮಣ್ಣೇ ಅದನ್ನು ನುಂಗುತ್ತದೆ, ಪೈರಿಗೆ ಬಿಡುವುದಿಲ್ಲ. ಮಣ್ಣಿನೊಳಗಿನ ಕಬ್ಬಿಣ ಅಲ್ಯೂಮಿನಿಯಂಗಳ ಕಣಗಳ ಮೇಲ್ಮೈಯಲ್ಲಿ ಜಲಜನಕ ಆಮ್ಲಜನಕಗಳ ಜೋಡಿಗಳು ಕುಳಿತಿರುತ್ತವೆ. ಫಾಸ್ಫೇಟು ಬಂದು ಅವನ್ನೆಬ್ಬಿಸಿ ತಾನು ಕುಳಿತುಕೊಳ್ಳುತ್ತದೆ. ವ್ಯಾಕರಣವನ್ನು ಕಲಿತವರಿಗೆ ಸ್ಥಾನಿಯನ್ನು ಹೊರಡಿಸಿ ಆದೇಶವು ಬರುವ ಕ್ರಮ ಪರಿಚಿತವಷ್ಟೆ, ಇದೂ ಹಾಗೆಯೇ. ಆಗಮವು ಮಿತ್ರನಂತೆ ಬರುತ್ತದೆ, ಆದೇಶವು ಶತ್ರುವಿನಂತೆ ಬರುತ್ತದೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಆದರೆ ನೀರು ಬಹಳ ಕ್ಷಾರವಾಗಿದ್ದರೆ ಹೊರಟುಹೋದ ಆ ಜೋಡಿಗಳೇ ಗುಂಪುಗೂಡಿ ಬಂದು ತಮ್ಮ ಸ್ಥಾನವನ್ನು ಬಿಡದೆ ಹಿಡಿಯುತ್ತವೆ. ಆದುದರಿಂದಲೇ ಸೋಡಾ ತುಂಬಿದ ಹಸಿ ಕೆಸರು ಈ ಕೆಲಸಕ್ಕೆ ಮಂದ. ಆಮ್ಲದಿಂದ ತೊಳೆದರೆ ಚುರುಕು. ಹೊಲದಲ್ಲಿ ದೋಷವಾದ ಗುಣ ಹಳ್ಳದಲ್ಲಿ ಉಪಕಾರಿಯಾಗುವ ಬಗೆ ಇದು.

ಈ ಗುಣವನ್ನು ಪ್ರಯೋಗಶಾಲೆಯಲ್ಲಿ ಮೊದಮೊದಲು ತೂಗಿ ನೋಡಿದವರಲ್ಲಿ ಷಿಯಾವೊ, ಅಕಾಶಿ ಎಂಬಿಬ್ಬರು ಸೇರುತ್ತಾರೆ. ಆಮ್ಲದಿಂದ ಸಂಸ್ಕಾರಗೊಂಡ ಕೆಂಪು ಕೆಸರು ನೀರಿನ ಫಾಸ್ಫೇಟನ್ನು ತೆಗೆಯುತ್ತದೆಂದು ಅವರು ೧೯೭೭ರಲ್ಲಿ ಪ್ರಕಟಿಸಿದರು. ೧೯೯೭ರಲ್ಲಿ ಬಲ್ಗೇರಿಯದವರೂ, ಅನಂತರ ತುರ್ಕಿಯವರೂ ಇದನ್ನು ಪರೀಕ್ಷಿಸಿದರು. ಕೆಸರನ್ನು ಸುಮಾರು ೭೦೦ ಅಂಶಗಳ ಕಾವಿನಲ್ಲಿ ಸುಟ್ಟರೆ ಅದರ ಹಿಡಿತ ಹೆಚ್ಚುವುದೆಂದು ಚೀನದವರು ೨೦೦೬ರಲ್ಲಿ ತೋರಿಸಿದರು. ಇಂಥ ಬರಹಗಳು ಇಂದು ನೂರುಗಟ್ಟಲೆ ಇವೆ. ಆದರೆ ಕತಕದ ಹಣ್ಣು ನೀರನ್ನು ತಿಳಿಗೊಳಿಸುವುದಾದರೂ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಒಂದು ಮಾತುಂಟು. ಗಾಜಿನ ಬಟ್ಟಲಿನಲ್ಲಿ ಸಿದ್ಧಿಸಿದುದು ಹಳ್ಳದಲ್ಲಿ ಸಿದ್ಧಿಸಿತೇ ಎಂಬುದನ್ನೇ ನಾವು ಕೇಳಬೇಕಾಗಿದೆ.

ಅಂಥ ದೊಡ್ಡ ಪ್ರಯೋಗಗಳು ನಡೆದಿವೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಪೀಲ್–ಹಾರ್ವೆ ಎಂಬ ಅಳಿವೆಯೊಂದಿದೆ. ಅದರ ಹಿಂದಿನ ಮರಳುನೆಲಕ್ಕೆ ರೈತರು ಹಾಕಿದ ಸೂಪರ್‌ಫಾಸ್ಫೇಟು ನಿಲ್ಲದೆ ಸೋರಿ ಅಳಿವೆಗೆ ಇಳಿದು, ವಿಷಕಾರಿಯಾದ ಪಾಚಿ ಹಬ್ಬಿ ಮೀನುಗಾರರ ಬದುಕು ಕೆಟ್ಟಿತು. ಹತ್ತಿರದಲ್ಲಿಯೇ ಅಲ್ಯೂಮಿನದ ಕಾರ್ಖಾನೆಗಳಿದ್ದವು. ಅವುಗಳ ಕೆಂಪು ಕೆಸರನ್ನು ಜಿಪ್ಸಮ್ಮಿನೊಡನೆ ಬೆರೆಸಿ, ಅದರ ಉರಿಯನ್ನು ಕುಗ್ಗಿಸಿ, ಮರಳುಹೊಲಕ್ಕೆ ಹಾಕಿದರೆ ಗೊಬ್ಬರ ಹೊಲದಲ್ಲಿಯೇ ನಿಲ್ಲುವುದೆಂದು ಅಲ್ಲಿಯ ಕೃಷಿ ಇಲಾಖೆಯವರು ಪ್ರಯೋಗಮಾಡಿ ನೋಡಿದರು. ಅವರ ಯುಕ್ತಿ ನನಗೆ ಮೆಚ್ಚಿಕೆಯಾಯಿತು; ರಂಜಕವು ನೀರಿಗಿಳಿದ ಮೇಲೆ ಹಿಡಿಯುವುದಕ್ಕಿಂತ ಇಳಿಯದಂತೆ ತಡೆಯುವುದೇ ಲೇಸು. ಅಳಿವೆಯ ನೀರನ್ನು ಸಮುದ್ರದೊಡನೆ ಬೆರೆಸಲು ೧೯೯೪ರಲ್ಲಿ ಡಾಸ್‌ವಿಲ್ ಎಂಬಲ್ಲಿ ಹೊಸ ಕಾಲುವೆಯನ್ನೂ ತೋಡಬೇಕಾಯಿತೆಂಬುದನ್ನು ಮಾತ್ರ ಮರೆಯಬಾರದು. ಕೆಸರೊಂದರಿಂದಲೇ ಕೆಲಸ ಮುಗಿಯಲಿಲ್ಲ.

ನ್ಯೂಜಿಲಂಡಿನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಅಲ್ಲಿಯ ವೈಉಕು ಎಂಬ ಸಣ್ಣ ಊರಿನವರು ೧೯೯೩ರಲ್ಲಿ ತಮ್ಮ ಗಟಾರದ ನೀರನ್ನು ಹೊಂಡಗಳಲ್ಲಿ ನಿಲ್ಲಿಸಿದ ಮೇಲೆ, ನೆರೆಯ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಕಲ್ಲಿನಂತೆ ತುಂಬಿದ ಶೋಧಕಗಳ ಮೂಲಕ ಹಾಯಿಸಿದರು. ಯಂತ್ರವಿಲ್ಲ, ಔಷಧವಿಲ್ಲ, ನೀರು ಕಿಟ್ಟದ ಸಂದಿನಲ್ಲಿ ಹರಿದುಹೋಗುವುದಷ್ಟೆ. ಮೊದಲ ಐದು ವರ್ಷ ನೂರಕ್ಕೆ ೭೭ರಷ್ಟು ರಂಜಕ ಅದರಲ್ಲಿ ಸಿಕ್ಕಿಕೊಂಡಿತು. ಹನ್ನೊಂದು ವರ್ಷಗಳ ಲೆಕ್ಕ ತೆಗೆದಾಗ ಒಟ್ಟು ೨೨.೪ ಟನ್ ರಂಜಕ ತಡೆಯಲ್ಪಟ್ಟಿತ್ತು, ಅದರಲ್ಲಿ ೧೯.೭ ಟನ್ನು ಮೊದಲ ಐದು ವರ್ಷಗಳಲ್ಲಿಯೇ. ಈ ಎರಡು ಅಂಕೆಗಳನ್ನು ಒಟ್ಟಿಗಿಟ್ಟು ನೋಡಿದರೆ ಎಲ್ಲ ಸಂಗತಿಯೂ ತಿಳಿಯುತ್ತದೆ. ಉಳಿದ ಆರು ವರ್ಷಗಳಲ್ಲಿ ಆ ಕಿಟ್ಟ ಹಿಡಿದುದು ಮೂರು ಟನ್ನಿಗೂ ಕಡಿಮೆ. ಐದು ವರ್ಷಕ್ಕೆ ಅದರ ಹೊಟ್ಟೆ ತುಂಬಿತ್ತು. ತುಂಬಿದುದನ್ನು ತೆಗೆದು ಹೊಸದನ್ನು ಹಾಕುವ ಕೈಯಿಲ್ಲದಿದ್ದರೆ ಶೋಧಕವು ಕಲ್ಲಿನ ಗುಡ್ಡೆಯಾಗಿ ಉಳಿಯುತ್ತದೆ. ನಮ್ಮ ಊರುಗಳಲ್ಲಿ ಕಟ್ಟಿದ ಮೇಲೆ ಯಾರೂ ತಿರುಗಿ ನೋಡದ ನೀರಿನ ತೊಟ್ಟಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆಸರಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾದೀತು. ೨೦೧೦ರ ಅಕ್ಟೋಬರ ೪ರಂದು ಹಂಗೇರಿಯ ಆಯ್ಕಾ ಎಂಬಲ್ಲಿ ಕೆಂಪು ಕೆಸರಿನ ಕಟ್ಟೆಯೊಡೆದು ಕೊಲೊಂಟಾರ್, ದೆವೆಚೆರ್ ಎಂಬ ಊರುಗಳ ಮೇಲೆ ಹರಿಯಿತು. ಹತ್ತು ಮಂದಿ ಸತ್ತರು. ನೂರಾರು ಜನರ ಮೈ ಕ್ಷಾರದಿಂದ ಸುಟ್ಟಿತು. ಹತ್ತಿರದ ನದಿಯಲ್ಲಿ ಜೀವವೇ ಉಳಿಯಲಿಲ್ಲ. ನಮ್ಮ ದೇಶದಲ್ಲಿಯೂ ಝಾರಖಂಡದ ಮುರಿಯಲ್ಲಿ ೨೦೧೯ರ ಏಪ್ರಿಲಿನಲ್ಲಿ ಇಂಥ ಕೆಸರಿನ ರಾಶಿ ಕುಸಿಯಿತು. ಹಸಿ ಕೆಸರನ್ನು ತಂದು ನೇರವಾಗಿ ಕೆರೆಗೆ ಸುರಿಯುವ ಮಾತನ್ನು ಯಾರಾದರೂ ಆಡಿದರೆ ಅವರನ್ನು ತಡೆಯಬೇಕು. ತೊಳೆದು ಸೌಮ್ಯಗೊಳಿಸಿದ ಕೆಸರನ್ನು ಹಾಕಿದರೂ ಕೆರೆಯ ತಳದಲ್ಲಿ ಗಾಳಿ ಸಾಲದಾದಾಗ ಕಬ್ಬಿಣವು ಹಿಡಿದ ರಂಜಕವನ್ನು ಬಿಟ್ಟುಕೊಡುವ ಸಂಭವವುಂಟು. ಕೆಸರಿನ ಸ್ಥಾನ ಕೆರೆಯ ಒಡಲಲ್ಲ. ಕೆರೆಗೆ ಬರುವ ಹಳ್ಳದ ಬಾಯಲ್ಲಿ, ತೆಗೆದು ಹಾಕಲು ಬರುವಂಥ ತೊಟ್ಟಿಯಲ್ಲಿ.

ಸಂತೋಷದ ಸಂಗತಿಯೆಂದರೆ, ಕೆಸರಿಗೆ ಬೇರೆ ದಾರಿಗಳೂ ತೆರೆದಿವೆ. ೨೦೨೦ರಲ್ಲಿ ಹಿಂಡಾಲ್ಕೊ ಸಂಸ್ಥೆಯು ವರ್ಷಕ್ಕೆ ೧೨ ಲಕ್ಷ ಟನ್ ಕೆಂಪು ಕೆಸರನ್ನು ಸಿಮೆಂಟಿನ ಕಾರ್ಖಾನೆಗಳಿಗೆ ಕೊಡುವ ಒಪ್ಪಂದವನ್ನು ಮಾಡಿಕೊಂಡಿತು. ರಂಜಕವನ್ನು ಹಿಡಿದು ದಣಿದ ಕೆಸರೂ ಅದೇ ದಾರಿಯನ್ನು ಹಿಡಿಯಬಹುದು. ಆದರೆ ಹಾಗೆ ಮಾಡಿದರೆ ದೂರದೇಶದಿಂದ ತಂದ ರಂಜಕವು ಗೋಡೆಯೊಳಗೆ ಹೂಳಿಹೋಗುತ್ತದೆ, ಹೊಲಕ್ಕೆ ಮರಳುವುದಿಲ್ಲ. ನೀರನ್ನು ಶುದ್ಧಮಾಡುವುದೊಂದೇ ಗುರಿಯಾದರೆ ಇದು ಸಾಕು. ಥಾಮಸನ ಕಿಟ್ಟದಂತೆ ರಂಜಕವನ್ನು ಮಣ್ಣಿಗೆ ತಿರುಗಿಸುವುದು ಗುರಿಯಾದರೆ ಸುಣ್ಣದಂಶ ಹೆಚ್ಚಿರುವ ಪದಾರ್ಥವೇ ಬೇಕು. ಸುಣ್ಣ ಹಿಡಿದ ರಂಜಕವನ್ನು ಪೈರು ನಿಧಾನವಾಗಿಯಾದರೂ ಬಿಡಿಸಿಕೊಳ್ಳುತ್ತದೆ; ಕಬ್ಬಿಣ ಹಿಡಿದುದನ್ನು ಬಿಡಿಸಿಕೊಳ್ಳುವುದು ಪೈರಿಗೆ ಕಷ್ಟ. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಬೀಳುವ ಕಿಟ್ಟದಲ್ಲಿ ಸುಣ್ಣದಂಶವುಂಟು. ಆದರೆ ಕಿಟ್ಟ ಭಾರವಾದ ವಸ್ತು. ಅದನ್ನು ಲಾರಿಯಲ್ಲಿ ಮೂಡಲಗಿಗೆ ತರುವ ಬಾಡಿಗೆಯಲ್ಲಿ ಹೊಸ ಸುಣ್ಣವನ್ನೇ ಕೊಳ್ಳಬಹುದೇನೋ.

ಹಾಗಾದರೆ ಈ ಮೂರು ತಾಲ್ಲೂಕುಗಳಲ್ಲಿಯೇ ಹೇರಳವಾಗಿ ಸಿಗುವ ಕಸ ಯಾವುದು? ಸಕ್ಕರೆಯ ಕಾರ್ಖಾನೆಯ ಬೂದಿ ಮತ್ತು ಮಡ್ಡಿ. ಇಲ್ಲಿ ಎಚ್ಚರ ಬೇಕು. ಕಬ್ಬಿನ ಸಿಪ್ಪೆಯನ್ನು ಉರಿಸಿದ ಬೂದಿಯಲ್ಲಿ ಹೆಚ್ಚಾಗಿರುವುದು ಮರಳಿನ ಜಾತಿಯ ಸಿಲಿಕ. ಅದು ಬಣ್ಣವನ್ನೂ ವಾಸನೆಯನ್ನೂ ಹೀರಬಲ್ಲುದು, ಫಾಸ್ಫೇಟಿನ ಮೇಲೆ ಮಾತ್ರ ಅದಕ್ಕೆ ಹೆಚ್ಚಿನ ಅಧಿಕಾರವಿಲ್ಲ. ಕಬ್ಬಿಣದ ಲವಣವನ್ನು ಲೇಪಿಸಿದರೆ ಹಿಡಿತ ಬರುತ್ತದೆ. ಇನ್ನು ಪ್ರೆಸ್‌ಮಡ್ ಎಂದು ಕಾರ್ಖಾನೆಯವರು ಕರೆಯುವ ಮಡ್ಡಿಯ ವಿಷಯ ಬೇರೆ. ಕಬ್ಬಿನ ಹಾಲನ್ನು ಶುದ್ಧಮಾಡುವಾಗ ಸುಣ್ಣದ ತಿಳಿಯನ್ನೂ, ಹಾಲಿನಲ್ಲಿ ಸಾಲದಿದ್ದರೆ ಫಾಸ್ಫಾರಿಕ್ ಆಮ್ಲವನ್ನೂ ಹಾಕುತ್ತಾರೆ. ಸುಣ್ಣವೂ ಫಾಸ್ಫೇಟೂ ಒಂದನ್ನೊಂದು ಹಿಡಿದು ಹತ್ತಿಯಂತೆ ಹೆಪ್ಪುಗಟ್ಟಿ, ಹಾಲಿನೊಳಗಿನ ಕೊಳೆಯನ್ನೆಲ್ಲ ಸುತ್ತಿಕೊಂಡು ತಳಕ್ಕಿಳಿಯುತ್ತವೆ. ಆ ಮಡ್ಡಿಯು ಈಗಾಗಲೇ ರಂಜಕದಿಂದ ತುಂಬಿದೆ; ಅದನ್ನು ನೀರಿಗೆ ಹಾಕಿದರೆ ಪಾಚಿಗೆ ಔತಣ ಹಾಕಿದಂತೆಯೇ. ಅದರ ಸ್ಥಾನ ಹೊಲ. ನಮ್ಮ ರೈತರು ಅದನ್ನು ಗೊಬ್ಬರವಾಗಿ ಒಯ್ಯುತ್ತಿರುವುದು ಸರಿಯಾಗಿಯೇ ಇದೆ.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಗಟಾರದ ನೀರಿನ ಫಾಸ್ಫೇಟನ್ನು ಸುಣ್ಣದಿಂದ ಇಳಿಸುವ ಪಾಶ್ಚಾತ್ಯರ ವಿಧಾನವೂ, ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆಗಳಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸುವ ವಿಧಾನವೂ ತತ್ತ್ವದಲ್ಲಿ ಒಂದೇ. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು, ಹಾಲು ಕುದಿಯುವಾಗ ಸುಣ್ಣದ ತಿಳಿಯನ್ನು ಹದವರಿತು ಹಾಕಿ, ಬೆಂಡೆಯ ಗಿಡದ ಲೋಳೆಯನ್ನು ಬಿಟ್ಟು, ಮೇಲೆದ್ದ ಮಡ್ಡಿಯನ್ನು ಜಾಲರಿಯಿಂದ ತೆಗೆಯುವ ಮನುಷ್ಯನಿಗೆ ಫಾಸ್ಫೇಟೆಂಬ ಹೆಸರು ಗೊತ್ತಿಲ್ಲದಿರಬಹುದು. ಸುಣ್ಣ ಎಷ್ಟಾದರೆ ಸಾಕು, ಎಷ್ಟಾದರೆ ಬೆಲ್ಲ ಕಪ್ಪಾಗುವುದು ಎಂಬ ಹದ ಅವನಿಗೆ ಗೊತ್ತು. ಶೋಧಕದ ತೊಟ್ಟಿಯನ್ನು ನೋಡಿಕೊಳ್ಳಲು ಇಂಥ ಕೈಗಳೇ ಬೇಕಾದವು.

ನಾನು ಸೇವೆಯ ಕೊನೆಯ ವರ್ಷಗಳನ್ನು ಕಳೆದ ಊರಿನಲ್ಲಿ ಶಾಲೆಯ ಹಿಂದೊಂದು ಕೆರೆಯಿತ್ತು. ನಾನು ಹೋದ ಹೊಸದರಲ್ಲಿ ಎಮ್ಮೆಗಳು ಅದರಲ್ಲಿ ಬಿದ್ದುಕೊಂಡಿರುತ್ತಿದ್ದವು. ಕೆಲವು ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ನೀರಿನ ಮೇಲೆ ಹಸಿರು ಬಣ್ಣವನ್ನು ಬಳಿದಂತಾಗಿ, ದನಗಳು ದಂಡೆಯವರೆಗೆ ಬಂದು ಮೂಸಿ ತಿರುಗಿ ಹೋಗತೊಡಗಿದವು. ಸಂಬಂಧಪಟ್ಟ ಕಚೇರಿಯೊಂದಕ್ಕೆ ಎರಡು ಸಾರಿ ಪತ್ರ ಬರೆದೆನು. ಬಂದ ಉತ್ತರದಲ್ಲಿ ಕೆರೆಯ ಹೂಳೆತ್ತುವ ಮಾತಿತ್ತು, ಅದರೊಳಗೆ ಬೀಳುವ ಗಟಾರದ ಮಾತಿರಲಿಲ್ಲ. ಆಗ ಏಳನೆಯ ಇಯತ್ತೆಯ ಹುಡುಗರನ್ನು ಕರೆದುಕೊಂಡು ಗಟಾರದ ನೀರನ್ನು ನಾಲ್ಕು ಗಾಜಿನ ಭರಣಿಗಳಲ್ಲಿ ತುಂಬಿಸಿದೆನು. ಒಂದಕ್ಕೆ ಪಟಿಕ, ಒಂದಕ್ಕೆ ಸುಣ್ಣದ ತಿಳಿ, ಒಂದಕ್ಕೆ ಸಕ್ಕರೆ ಕಾರ್ಖಾನೆಯ ಬೂದಿ. ನಾಲ್ಕನೆಯದನ್ನು ಹಾಗೆಯೇ ಬಿಟ್ಟೆವು. ಕೆಂಪು ಕೆಸರನ್ನು ಮಕ್ಕಳ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. ಮರುದಿನ ಮೇಲಿನ ತಿಳಿನೀರನ್ನು ಬೇರೆ ಭರಣಿಗಳಿಗೆ ಬಸಿದು, ಪ್ರತಿಯೊಂದಕ್ಕೂ ಕೆರೆಯ ನೀರಿನ ಒಂದೊಂದು ಚಮಚ ಬೆರೆಸಿ ಕಿಟಕಿಯ ಬಿಸಿಲಿಗಿಟ್ಟೆವು.

ಹದಿನೈದು ದಿನಗಳಲ್ಲಿ ನಾಲ್ಕನೆಯ ಭರಣಿ ಕೆರೆಯಷ್ಟೇ ಹಸಿರಾಯಿತು. ಬೂದಿಯದು ಅದಕ್ಕಿಂತ ತುಸು ಕಡಿಮೆ. ಹುಡುಗರು ಬೂದಿಯ ಮೇಲೆ ಬಹಳ ಭರವಸೆಯಿಟ್ಟಿದ್ದರು, ಏಕೆಂದರೆ ಅದನ್ನು ಹೊತ್ತು ತಂದವರು ಅವರೇ. ಪಟಿಕದ ಭರಣಿಯೂ ಸುಣ್ಣದ ಭರಣಿಯೂ ತಿಳಿಯಾಗಿಯೇ ಉಳಿದವು. ಸುಣ್ಣದ ನೀರಿನಲ್ಲಿ ಪಾಚಿ ಬೆಳೆಯದಿರಲು ಅದರ ಕ್ಷಾರವೂ ಕಾರಣವಾಗಿರಬಹುದೆಂದು ನಾನು ಹೇಳಿದೆನು. ಅದನ್ನು ಹೇಗೆ ಬೇರ್ಪಡಿಸಿ ನೋಡುವುದೆಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಆ ವರ್ಷ ಪರೀಕ್ಷೆ ಹತ್ತಿರ ಬಂದಿತ್ತು. ಮರುವರ್ಷ ನಾನು ನಿವೃತ್ತನಾದೆನು. ಭರಣಿಗಳು ಆ ಶಾಲೆಯ ಕಪಾಟಿನಲ್ಲಿ ಈಗಲೂ ಇವೆಯೆಂದು ಅಲ್ಲಿಯ ಮಾಸ್ತರರು ಮೊನ್ನೆ ಗೋಕಾಕದ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಸುಣ್ಣದ ಭರಣಿಯ ತಳದಲ್ಲಿ ನಿಂತ ಬಿಳಿಯ ಮಡ್ಡಿಯನ್ನು ಶಾಲೆಯ ತೋಟದ ಬದನೆಗಿಡಕ್ಕೆ ಹಾಕಿದ್ದಾರಂತೆ.